ಠಾಣೆಯ ಕಾಗದ ಕೈಗೆ ಬರುವ ದಾರಿ: ಉತ್ತರ ಕನ್ನಡದವರು ಪೊಲೀಸ್ ದಾಖಲೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ನಮ್ಮ ಮನೆಯ ಜಗುಲಿಗೆ ಅರ್ಜಿ ಬರೆಸಿಕೊಳ್ಳಲು ಬರುವವರು ಹೆಚ್ಚಾಗಿ ಒಂದೇ ಮಾತಿನಿಂದ ಶುರು ಮಾಡುತ್ತಾರೆ: "ಪೊಲೀಸರು ಕಾಗದ ಕೊಡ್ತಾ ಇಲ್ಲ." ಯಾವ ಕಾಗದ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಕೆಲವರು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದಿರುತ್ತಾರೆ, ಕೆಲವರು ಬನವಾಸಿ ಕಡೆಯಿಂದ ಕೂಲಿ ಬಿಟ್ಟು ಬಂದಿರುತ್ತಾರೆ. ಮೂರು ಸಲ ಠಾಣೆಗೆ ಹೋಗಿ ಬರಿಗೈಲಿ ಮರಳಿದವರಿಗೆ ನಾಲ್ಕನೇ ಸಲ ಹೋಗುವ ಧೈರ್ಯ ಉಳಿದಿರುವುದಿಲ್ಲ. ಬೇಕಾದ ಕಾಗದದ ಹೆಸರು ಗೊತ್ತಿದ್ದು, ಅದು ಯಾರ ಮೇಜಿನ ಮೇಲಿದೆ ಎಂದು ತಿಳಿದಿದ್ದು, ಕೊಟ್ಟ ಅರ್ಜಿಗೆ ಪೋಚ್, ಅಂದರೆ ಸ್ವೀಕೃತಿ, ಕೈಯಲ್ಲಿದ್ದರೆ ಈ ಓಡಾಟದ ಬಹುಪಾಲು ತಪ್ಪುತ್ತದೆ. ಇಷ್ಟು ವರ್ಷಗಳಲ್ಲಿ ಜನ ನನ್ನನ್ನು ಕೇಳಿದ ಪ್ರಶ್ನೆಗಳನ್ನೂ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಕಾರವಾರ ನಗರದ ಪೊಲೀಸ್ ದಾಖಲೆ ಬೇಕು. ನಗರಸಭೆಗೆ ಹೋಗಬೇಕೇ, ಪೊಲೀಸ್ ಕಮಿಷನರ್ ಹತ್ತಿರವೇ?

ಎರಡೂ ಅಲ್ಲ. ಮಂಗಳೂರಿಗೂ ಹುಬ್ಬಳ್ಳಿ-ಧಾರವಾಡಕ್ಕೂ ಪೊಲೀಸ್ ಕಮಿಷನರೇಟ್ ಇದೆ, ನಮ್ಮ ಜಿಲ್ಲೆಗೆ ಇಲ್ಲ. ಇಲ್ಲಿ ಕಾರವಾರದಲ್ಲಿರುವ ಪೊಲೀಸ್ ಅಧೀಕ್ಷಕರೇ, ಅಂದರೆ ಎಸ್ಪಿಯವರೇ, ಇಡೀ ಜಿಲ್ಲೆಯ ಮುಖ್ಯಸ್ಥರು. ಅವರ ಕೆಳಗೆ ಕಾರವಾರ, ಶಿರಸಿ, ಭಟ್ಕಳ, ದಾಂಡೇಲಿ ಉಪವಿಭಾಗಗಳು, ಒಂದೊಂದಕ್ಕೂ ಒಬ್ಬ ಡಿವೈಎಸ್ಪಿ. ನಗರಸಭೆಯಲ್ಲಿ ಸಿಗುವುದು ಜನನ-ಮರಣ, ಕಟ್ಟಡ, ಮನೆ ತೆರಿಗೆಯ ಕಾಗದ. ಪೊಲೀಸರಿಗೂ ಅದಕ್ಕೂ ಸಂಬಂಧವಿಲ್ಲ.

ನಿಮಗೆ ಬೇಕಾದ ಮೂಲ ಕಾಗದ ಬಹುಮಟ್ಟಿಗೆ ಘಟನೆ ನಡೆದ ಜಾಗದ ಠಾಣೆಯಲ್ಲೇ ಇರುತ್ತದೆ. ಹಾಗಾಗಿ ಮೊದಲು ಠಾಣೆ ಯಾವುದೆಂದು ಗಟ್ಟಿ ಮಾಡಿಕೊಳ್ಳಿ. ಶಿರಸಿಯಲ್ಲಿ ನಗರ, ಹೊಸ ಮಾರುಕಟ್ಟೆ, ಗ್ರಾಮೀಣ ಎಂದು ಬೇರೆ ಬೇರೆ ಠಾಣೆಗಳಿವೆ. ಕಾಳಿ ನದಿಯ ಆಚೆ ಸದಾಶಿವಗಡದಲ್ಲಿ ನಡೆದದ್ದು ಕಾರವಾರ ನಗರ ಠಾಣೆಗೆ ಬರುವುದಿಲ್ಲ, ಚಿತ್ತಾಕುಲ ಠಾಣೆಗೆ ಬರುತ್ತದೆ. ಮಾಜಾಳಿ ದಾಟಿ ಪೋಳೆಯ ಆಚೆ ಆದ ಅಪಘಾತವಾದರೆ ದಾಖಲೆ ಗೋವಾ ಪೊಲೀಸರ ಬಳಿ, ಕಾಣಕೋಣದ ಕಡೆ.

ಯಾವ ಕಾಗದಕ್ಕೆ ಏನೆನ್ನುತ್ತಾರೆ?

ಇದನ್ನು ಸ್ವಲ್ಪ ನಿಧಾನಕ್ಕೆ ಓದಿ. ಅರ್ಧ ಕೆಲಸ ಇಲ್ಲೇ ಇದೆ.

ನೀವು ಕೊಟ್ಟ ದೂರನ್ನು ಠಾಣೆ ದಾಖಲಿಸಿಕೊಂಡರೆ ಹುಟ್ಟುವುದು ಪ್ರಥಮ ವರ್ತಮಾನ ವರದಿ, ಎಲ್ಲರ ಬಾಯಲ್ಲಿ ಎಫ್‌ಐಆರ್. ಅದಕ್ಕೊಂದು ಅಪರಾಧ ಸಂಖ್ಯೆ ಇರುತ್ತದೆ: ಇಷ್ಟನೇ ನಂಬರ್, ಇಂಥ ವರ್ಷ. ಆ ಸಂಖ್ಯೆಯನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲ ಕಡೆಯೂ ಅದನ್ನೇ ಕೇಳುತ್ತಾರೆ. ಪೊಲೀಸರು ನೇರವಾಗಿ ತನಿಖೆ ಮಾಡಲಾಗದ ಸಣ್ಣ ಜಗಳ, ಬೈಗುಳದಂಥ ದೂರುಗಳಿಗೆ ಎಫ್‌ಐಆರ್ ಇರುವುದಿಲ್ಲ. ಅದು ಅಸಂಜ್ಞೇಯ ಪ್ರಕರಣ, ಠಾಣೆಯ ಮಾತಿನಲ್ಲಿ ಎನ್‌ಸಿ. ಅದಕ್ಕೆ ಸಿಗುವುದು ಹಿಂಬರಹ, ಅಂದರೆ ಠಾಣೆ ಬರೆದುಕೊಡುವ ಉತ್ತರ.

ಜಾಗ ನೋಡಿ, ಪಂಚರ ಸಹಿ ಹಾಕಿಸಿ ಬರೆದದ್ದು ಸ್ಥಳ ಪಂಚನಾಮೆ. ಮೈಸೂರು ಕಡೆಯವರು ಇದನ್ನೇ ಮಹಜರು ಎನ್ನುತ್ತಾರೆ. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿತ್ತಲ್ಲ, ಆವಕ (ಒಳಬಂದ ಕಾಗದ), ಜಾವಕ (ಹೊರಹೋದ ಕಾಗದ), ಪೋಚ್‌ಗಳ ಜೊತೆ ಪಂಚನಾಮೆಯೂ ನಮ್ಮಲ್ಲಿ ಉಳಿಯಿತು. ಆಸ್ಪತ್ರೆಯಿಂದ ಪೊಲೀಸರಿಗೆ ಹೋಗುವುದು ಗಾಯದ ಪ್ರಮಾಣಪತ್ರ. ತನಿಖೆ ಮುಗಿದು ಆರೋಪ ಕಂಡುಬಂದರೆ ದೋಷಾರೋಪಣ ಪಟ್ಟಿ. ದೂರಿನಲ್ಲಿ ಹುರುಳಿಲ್ಲ ಎಂದರೆ 'ಬಿ' ವರದಿ, ಆರೋಪಿ ಪತ್ತೆಯಾಗದಿದ್ದರೆ 'ಸಿ' ವರದಿ. ನೇಣು, ನೀರಿಗೆ ಬೀಳುವುದು, ಹಾವು ಕಡಿತ, ಮರದಿಂದ ಬೀಳುವುದು ಇವಕ್ಕೆ ಅಸಹಜ ಸಾವು ಪ್ರಕರಣ, ಅಂದರೆ ಯುಡಿಆರ್. ಅಡಿಕೆ ಮರದಿಂದ ಬಿದ್ದು ಸತ್ತ ಕೊನೆಗೌಡರ (ಅಡಿಕೆ ಕೊನೆ ಕೊಯ್ಯುವವರ) ಮನೆಯವರು ನನ್ನ ಬಳಿ ಬಂದು "ಎಫ್‌ಐಆರ್ ಬೇಕು" ಎನ್ನುತ್ತಾರೆ. ಅವರಿಗೆ ಬೇಕಾದದ್ದು ಯುಡಿಆರ್ ಪ್ರತಿ. ಅದನ್ನು ಎಫ್‌ಐಆರ್ ಎಂದು ಕೇಳಿದರೆ "ಅಂಥದ್ದಿಲ್ಲ" ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ.

ದೂರು ಕೊಟ್ಟವನು ನಾನೇ. ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕೇ?

ಒಂದು ಪೈಸೆಯೂ ಬೇಡ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 173(2)ನೇ ಕಲಮಿನ ಪ್ರಕಾರ ದೂರುದಾರನಿಗೆ ಅಥವಾ ನೊಂದವರಿಗೆ ಪ್ರತಿಯನ್ನು ಕೂಡಲೇ, ಉಚಿತವಾಗಿ ಕೊಡಬೇಕು. ನಾಳೆ ಬನ್ನಿ, ಸಾಹೇಬರು ಬರಲಿ ಎಂಬ ಮಾತಿಗೆ ಆ ಕಲಮಿನಲ್ಲಿ ಜಾಗವಿಲ್ಲ. ಸಹಿ ಹಾಕುವ ಮುಂಚೆ ಬರೆದದ್ದನ್ನು ಓದಿಸಿಕೊಳ್ಳುವುದೂ ನಿಮ್ಮ ಹಕ್ಕು.

ಈಗ ದೂರನ್ನು ಇಮೇಲ್ ಮುಂತಾದ ವಿದ್ಯುನ್ಮಾನ ರೂಪದಲ್ಲೂ ಕಳಿಸಬಹುದು. ಆದರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಘಟನೆ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ಇದಕ್ಕೆ ಝೀರೋ ಎಫ್‌ಐಆರ್ ಎನ್ನುತ್ತಾರೆ, ಅದನ್ನು ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಕೆಲಸ. ಕೊಂಕಣ ರೈಲಿನಲ್ಲಿ ಬ್ಯಾಗು ಕಳವಾಗಿ ಕಾರವಾರದಲ್ಲಿ ಇಳಿದವರಿಗೆ, ಗೋವಾದಲ್ಲಿ ಏಟು ತಿಂದು ಊರಿಗೆ ಬಂದವರಿಗೆ ಇದು ದೊಡ್ಡ ಆಸರೆ.

ದೂರು ತೆಗೆದುಕೊಂಡರು, ಆದರೆ "ವಿಚಾರಿಸುತ್ತೇವೆ" ಎಂದರು. ಎಫ್‌ಐಆರೂ ಇಲ್ಲ, ಹಿಂಬರಹವೂ ಇಲ್ಲ.

ಬರಿಗೈಲಿ ಹೊರಗೆ ಬರಬೇಡಿ. ದೂರಿನ ಎರಡು ಪ್ರತಿ ಮಾಡಿಕೊಂಡು ಹೋಗಿ, ಒಂದರ ಮೇಲೆ ಠಾಣೆಯ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಅದೇ ದೂರನ್ನು ಸ್ಪೀಡ್ ಪೋಸ್ಟಿನಲ್ಲಿ ಠಾಣೆಗೂ ಎಸ್ಪಿಯವರಿಗೂ ಕಳಿಸಿ. ಠಾಣೆ ದಾಖಲಿಸಲು ನಿರಾಕರಿಸಿದಾಗ ಅಂಚೆಯ ಮೂಲಕ ಎಸ್ಪಿಗೆ ಬರೆಯುವ ದಾರಿಯನ್ನು 173(4)ನೇ ಕಲಮೇ ತೋರಿಸಿದೆ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ.

ಸಂಜ್ಞೇಯ, ಅಂದರೆ ಪೊಲೀಸರು ನೇರವಾಗಿ ತನಿಖೆ ಮಾಡಬಹುದಾದ, ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿತು. ಬಂದ ಮಾಹಿತಿಯೆಲ್ಲ ಠಾಣಾ ದಿನಚರಿಯಲ್ಲಿ ಕಾಣಬೇಕೆಂದೂ ಅದೇ ತೀರ್ಪು ಹೇಳುತ್ತದೆ. ಹಾಗಾಗಿ ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಆ ದಿನದ ಠಾಣಾ ದಿನಚರಿಯ ಪುಟವನ್ನು ಕೇಳಿ. ನಿಮ್ಮ ದೂರು ಅಲ್ಲಿ ಇದ್ದರೂ ಇಲ್ಲದಿದ್ದರೂ ಆ ಪುಟ ನಿಮ್ಮ ಪರ ಮಾತಾಡುತ್ತದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಮಾತ್ರ ಡಿವೈಎಸ್ಪಿ ಅನುಮತಿಯೊಂದಿಗೆ 14 ದಿನಗಳ ಪ್ರಾಥಮಿಕ ವಿಚಾರಣೆಗೆ ಹೊಸ ಕಾನೂನಿನಲ್ಲಿ ಅವಕಾಶವಿದೆ. ಉಳಿದಂತೆ "ವಿಚಾರಿಸುತ್ತೇವೆ" ಎಂದು ತಿಂಗಳುಗಟ್ಟಲೆ ತಳ್ಳುವುದಕ್ಕೆ ಆಧಾರವಿಲ್ಲ.

ಕೇಸು ನನ್ನ ಮೇಲೆಯೇ ಆಗಿದೆಯಂತೆ. ನನಗೆ ಪ್ರತಿ ಕೊಡುತ್ತಾರೆಯೇ?

ಕೊಡಬೇಕು. 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಗೆಹರಿಸಿತು. ತನ್ನ ಹೆಸರು ಎಫ್‌ಐಆರ್‌ನಲ್ಲಿ ಇದೆ ಎಂದು ಅನುಮಾನವಿರುವವನು ಖುದ್ದಾಗಿಯೋ ಪ್ರತಿನಿಧಿಯ ಮೂಲಕವೋ ಶುಲ್ಕ ಕಟ್ಟಿ ದೃಢೀಕೃತ ಪ್ರತಿ ಕೇಳಬಹುದು, 24 ಗಂಟೆಯೊಳಗೆ ಕೊಡಬೇಕು. ಎಫ್‌ಐಆರ್ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋದ ಮೇಲೆ ಅಲ್ಲಿಯೂ ಅರ್ಜಿ ಹಾಕಬಹುದು, ಅಲ್ಲಿ ಎರಡು ಕೆಲಸದ ದಿನ. ಠಾಣೆಗೆ ಕಾಲಿಡಲು ಹೆದರುವವರು ವಕೀಲರ ಮೂಲಕ ಕೋರ್ಟಿನಿಂದಲೇ ತೆಗೆಸುವುದು ಒಳ್ಳೆಯದು.

ಮನೆಯಲ್ಲೇ ಕುಳಿತು ಎಫ್‌ಐಆರ್ ನೋಡಲು ಆಗುತ್ತದೆಯೇ?

ಆಗುತ್ತದೆ. ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ಅಪರಾಧ ಸಂಖ್ಯೆ, ವರ್ಷ ಕೊಟ್ಟು ಹುಡುಕಬಹುದು. ಮೇಲೆ ಹೇಳಿದ ತೀರ್ಪಿನ ಪ್ರಕಾರ 24 ಗಂಟೆಯೊಳಗೆ ಏರಿಸಬೇಕು, ಅಡಚಣೆ ಇದ್ದರೆ 48, ನೆಟ್‌ವರ್ಕ್ ಸಿಗದ ದುರ್ಗಮ ಜಾಗಗಳಲ್ಲಿ ಹೆಚ್ಚೆಂದರೆ 72 ಗಂಟೆ. ಜೋಯಿಡಾದ ಕಾಡಿನ ಹಳ್ಳಿಗಳನ್ನು ಕಂಡವರಿಗೆ ಆ ಕೊನೆಯ ಸಡಿಲಿಕೆ ಯಾಕೆಂದು ಬಿಡಿಸಿ ಹೇಳಬೇಕಿಲ್ಲ.

ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳನ್ನು ಏರಿಸುವುದಿಲ್ಲ. ಅಂಥ ಪ್ರಕರಣದಲ್ಲಿ ನೊಂದ ಹೆಣ್ಣುಮಗಳ ಹೆಸರೋ ಗುರುತೋ ಇರುವ ಕಾಗದ ನಿಮ್ಮ ಕೈಗೆ ಬಂದರೂ ಅದನ್ನು ವಾಟ್ಸಾಪಿನಲ್ಲಿ ಹಂಚಬೇಡಿ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು ಇದೆ. ಜೈಲಿನ ಮಾತು ಹಾಗಿರಲಿ, ಸಣ್ಣ ಊರುಗಳಲ್ಲಿ ಒಂದು ಫಾರ್ವರ್ಡ್ ಒಂದು ಮನೆಯನ್ನೇ ಊರು ಬಿಡಿಸುತ್ತದೆ.

ದೋಷಾರೋಪಣ ಪಟ್ಟಿಯ ಪ್ರತಿ?

ಅದು ಜಾಲತಾಣದಲ್ಲಿ ಸಿಗುವುದಿಲ್ಲ, ಹಾಕಬೇಕಾಗಿಯೂ ಇಲ್ಲ ಎಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಹೇಳಿದೆ. ಅದನ್ನು ಪಡೆಯುವ ಜಾಗ ಕೋರ್ಟು. ಆರೋಪಿ ಹಾಜರಾದ 14 ದಿನದೊಳಗೆ ಆರೋಪಿಗೂ, ವಕೀಲರನ್ನು ಇಟ್ಟುಕೊಂಡಿರುವ ನೊಂದವರಿಗೂ ಪೊಲೀಸ್ ವರದಿ, ಹೇಳಿಕೆಗಳು, ಜೊತೆಗಿನ ದಾಖಲೆಗಳನ್ನು ಉಚಿತವಾಗಿ ಕೊಡಬೇಕು. ಇದು ಸುರಕ್ಷಾ ಸಂಹಿತೆಯ 230ನೇ ಕಲಮು. ಆದರೆ ತನಿಖಾಧಿಕಾರಿಯ ಕೇಸ್ ಡೈರಿಯನ್ನು ಆರೋಪಿ ಹಕ್ಕಿನಿಂದ ಕೇಳುವಂತಿಲ್ಲ.

ದೂರುದಾರರು ಮರೆಯುವ ಇನ್ನೊಂದು ಹಕ್ಕಿದೆ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ನಿಮಗೆ ತಿಳಿಸಬೇಕು ಎಂದು 193ನೇ ಕಲಮು ಹೇಳುತ್ತದೆ. 'ಬಿ' ವರದಿ ಹಾಕುವುದಾದರೆ ಕೋರ್ಟು ನಿಮಗೆ ನೋಟಿಸು ಕೊಡಬೇಕು, ನೀವು ತಕರಾರು ಅರ್ಜಿ ಸಲ್ಲಿಸಬಹುದು. ಹಾಗಾಗಿ ವಿಳಾಸ ಬದಲಾದರೆ ಠಾಣೆಗೆ ಬರೆದು ತಿಳಿಸಿ. ಬೆಂಗಳೂರಿಗೆ ಹೋಗಿ ನೆಲೆಸಿದ ಮಗನ ಹೆಸರಿನ ನೋಟಿಸು ಸಿದ್ದಾಪುರದ ಬೀಗ ಹಾಕಿದ ಮನೆಯ ಬಾಗಿಲಿಂದ ಮರಳಿಹೋದದ್ದನ್ನು ಕಂಡಿದ್ದೇನೆ.

ಪ್ರಕರಣ ಯಾವ ಕೋರ್ಟಿನಲ್ಲಿದೆ ಎಂದು ತಿಳಿಯಲು ಇ-ಕೋರ್ಟ್ಸ್ ಆ್ಯಪ್ ಸಾಕು. ಠಾಣೆಯ ಹೆಸರು, ಎಫ್‌ಐಆರ್ ಸಂಖ್ಯೆ, ವರ್ಷ ಹಾಕಿದರೆ ಮುಂದಿನ ತಾರೀಖಿನವರೆಗೆ ತೋರಿಸುತ್ತದೆ.

ರಸ್ತೆ ಅಪಘಾತದ ಪರಿಹಾರಕ್ಕೆ ಏನೇನು ಬೇಕು?

ನಮ್ಮ ಜಿಲ್ಲೆಯಲ್ಲಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಒಂದು ಕಡೆ ಕರಾವಳಿಯುದ್ದಕ್ಕೂ ಹೆದ್ದಾರಿ 66, ಇನ್ನೊಂದು ಕಡೆ ಅರಬೈಲು, ದೇವಿಮನೆ ಘಟ್ಟಗಳು. ನನ್ನ ಸ್ವಂತ ಭಾವ ಘಟ್ಟದ ತಿರುವಿನಲ್ಲಿ ಬಿದ್ದು ಕಾಲು ಮುರಿದುಕೊಂಡಾಗ ನಾನೂ ಒಂದು ಠಾಣೆಗೆ ಐದು ಸಲ ಅಲೆದೆ. ಹೋದಾಗಲೆಲ್ಲ "ಅಪಘಾತದ ಕಾಗದ ಕೊಡಿ" ಎಂದೇ ಕೇಳುತ್ತಿದ್ದೆ. ಆರನೇ ಸಲ ಕಾಗದಗಳ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಹೋದೆ, ಅರ್ಧ ಗಂಟೆಯಲ್ಲಿ ಕೆಲಸ ಆಯಿತು. ಅಷ್ಟು ದಿನ ಹಾಸಿಗೆಯಲ್ಲಿ ಮಲಗಿದ್ದವನ ಮುಖ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಜನರಿಗೆ ಅರ್ಜಿ ಬರೆದುಕೊಡಲು ಕುಳಿತದ್ದು ಆ ಮೇಲೆಯೇ.

ಆ ಚೀಟಿಯಲ್ಲಿ ಇದ್ದದ್ದು ಇವು: ಎಫ್‌ಐಆರ್ ಮತ್ತು ಮೂಲ ದೂರು, ಸ್ಥಳ ಪಂಚನಾಮೆ, ಸ್ಥಳದ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಎದುರಿನ ವಾಹನದ ಆರ್‌ಸಿ, ವಿಮೆ, ಚಾಲಕನ ಪರವಾನಗಿಯ ಪ್ರತಿಗಳು, ತನಿಖೆ ಮುಗಿದ ಮೇಲೆ ದೋಷಾರೋಪಣ ಪಟ್ಟಿ. ಸಾವಾಗಿದ್ದರೆ ಶವ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿಯೂ ಸೇರಬೇಕು.

2022ರ ಏಪ್ರಿಲ್ 1ರಿಂದ ನಿಯಮ ಬದಲಾಗಿ ಕೆಲಸ ಹಗುರಾಗಿದೆ. ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 50 ದಿನದೊಳಗೆ ಮಧ್ಯಂತರ ವರದಿಯನ್ನು, 90 ದಿನದೊಳಗೆ ವಿವರ ವರದಿಯನ್ನು ಕೊಡಬೇಕು. ಈ ವರದಿಗಳು ಪರಿಹಾರ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಹೋಗುತ್ತವೆ, ಮೊದಲ ವರದಿಯ ಪ್ರತಿ ಗಾಯಾಳುವಿಗೂ ಸಿಗಬೇಕು. ಠಾಣೆಯಲ್ಲಿ ಈ ವರದಿಗಳ ಹೆಸರನ್ನೇ ಹೇಳಿ ಕೇಳಿ. ಅದೇ ದಿನಾಂಕದಿಂದ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವೂ ಬಂದಿದೆ. ಹಾಗಾಗಿ "ಕಾಲು ವಾಸಿಯಾಗಲಿ, ನೋಡೋಣ" ಎಂದು ಕೂರಬೇಡಿ. ಗುದ್ದಿದ ವಾಹನ ಸಿಗಲೇ ಇಲ್ಲ ಎಂದಾದರೆ ಗುದ್ದೋಡು (ಹಿಟ್ ಅಂಡ್ ರನ್) ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಇದೆ. ಅದಕ್ಕೂ ಎಫ್‌ಐಆರ್ ಪ್ರತಿ ಬೇಕೇ ಬೇಕು.

ಹೆದ್ದಾರಿಯಲ್ಲಿ ಬಿದ್ದವರು ಜಾಗದ ಕಿಲೋಮೀಟರ್ ಕಲ್ಲನ್ನೋ ಹತ್ತಿರದ ಕ್ರಾಸನ್ನೋ ಬರೆದಿಟ್ಟುಕೊಳ್ಳಿ, ಒಂದು ಫೋಟೋ ತೆಗೆದಿಡಿ. ಎರಡು ಠಾಣೆಗಳ ಗಡಿಯಲ್ಲಿ ಆದ ಅಪಘಾತದ ಕಾಗದಗಳೇ ಹೆಚ್ಚು ಅಲೆಸುವುದು.

ಮನೆಯವರು ಆಕಸ್ಮಿಕವಾಗಿ ತೀರಿಕೊಂಡರು. ಮರಣೋತ್ತರ ವರದಿ ಕೇಳುವುದು ಎಲ್ಲಿ?

ಇಂಥವರು ಬಂದಾಗ ಮೊದಲು ಕೂರಿಸಿ ನೀರು ಕೊಡುತ್ತೇನೆ. ಸೂತಕ ಕಳೆಯುವ ಮುಂಚೆಯೇ ವಿಮೆಯವರು, ಬ್ಯಾಂಕಿನವರು ಕಾಗದ ಕೇಳಲು ಶುರು ಮಾಡಿರುತ್ತಾರೆ.

ಯುಡಿಆರ್ ದಾಖಲಾದ ಠಾಣೆಯಲ್ಲಿ ಹತ್ತಿರದ ವಾರಸುದಾರರು ಸರಳ ಅರ್ಜಿ ಕೊಡಿ: ಯುಡಿಆರ್ ಸಂಖ್ಯೆ, ದಿನಾಂಕ, ನಿಮಗೂ ತೀರಿಕೊಂಡವರಿಗೂ ಇರುವ ಸಂಬಂಧ, ಬೇಕಾದ ಪ್ರತಿಗಳು. ಸಂಬಂಧಕ್ಕೆ ರೇಷನ್ ಕಾರ್ಡು, ಆಧಾರ್ ಪ್ರತಿ ಸಾಕು. ಶವ ಪಂಚನಾಮೆಯ ವರದಿ ಠಾಣೆಯಲ್ಲೇ ಉಳಿಯುವುದಿಲ್ಲ, ಜಿಲ್ಲಾ ದಂಡಾಧಿಕಾರಿಗೆ ಅಥವಾ ಉಪವಿಭಾಗ ದಂಡಾಧಿಕಾರಿಗೆ ಹೋಗುತ್ತದೆ. ಠಾಣೆಯವರು "ಕಳಿಸಿಯಾಯಿತು" ಎಂದರೆ ಜಾವಕ ಸಂಖ್ಯೆ ಬರೆದುಕೊಂಡು ಕಳಿಸಿದ ಕಚೇರಿಯಲ್ಲಿ ಕೇಳಿ. ಒಳಾಂಗಗಳನ್ನು ಪರೀಕ್ಷೆಗೆ ಕಳಿಸಿದ್ದರೆ ಪ್ರಯೋಗಾಲಯದ ವರದಿ ಬರುವವರೆಗೆ ವೈದ್ಯರು ಸಾವಿನ ಕಾರಣವನ್ನು ಕಾಯ್ದಿರಿಸಿರುತ್ತಾರೆ. ಆಗ ಕೈಗೆ ಸಿಗುವ ಮರಣೋತ್ತರ ವರದಿ ಅಪೂರ್ಣ, ಅಂತಿಮ ಅಭಿಪ್ರಾಯವನ್ನು ಬೇರೆಯಾಗಿ ಕೇಳಬೇಕು. ವಿಮೆಯವರು ಇದೇ ಕಾರಣಕ್ಕೆ ಕಡತ ತಿರುಗಿಸಿ ಕಳಿಸುತ್ತಾರೆ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದದ್ದು ಯಾರಿಗೂ ಮರೆತಿಲ್ಲ. ಗಂಗಾವಳಿಯಲ್ಲಿ ಹುಡುಕಾಟ ವಾರಗಟ್ಟಲೆ ನಡೆಯಿತು, ನದಿಯಡಿಯಿಂದ ಕೇರಳದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಇಂಥ ಅನಾಹುತದಲ್ಲಿ ದೇಹ ಸಿಗದಿದ್ದಾಗ ಕಾಣೆಯಾದ ಪ್ರಕರಣದ ಎಫ್‌ಐಆರ್ ಪ್ರತಿಯೇ ಮನೆಯವರ ಮೊದಲ ಆಧಾರ. ಅದನ್ನು ಮೊದಲ ದಿನವೇ ಮಾಡಿಸಿ, ಪ್ರತಿ ಜೋಪಾನ ಮಾಡಿ. ದೊಡ್ಡ ವಿಪತ್ತಿಗೆ ಸಿಕ್ಕವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ನೋಡದೆಯೇ ಸಿಗುತ್ತಾರೆ. ಸಹಾಯವಾಣಿ 15100. ಕಚೇರಿ ಕಾರವಾರದ ಜಿಲ್ಲಾ ಕೋರ್ಟಿನಲ್ಲಿ, ತಾಲೂಕುಗಳಲ್ಲಿ ಅದರ ಸಮಿತಿಗಳಿವೆ.

ಮಾಹಿತಿ ಹಕ್ಕಿನ ಅರ್ಜಿ ಯಾವಾಗ ಹಾಕಬೇಕು, ಹೇಗೆ ಬರೆಯಬೇಕು?

ಮೇಲೆ ಹೇಳಿದ ನೇರ ದಾರಿ ಮುಚ್ಚಿದಾಗ ಹಾಕಿ. ಎಫ್‌ಐಆರ್ ಪ್ರತಿ ಉಚಿತವಾಗಿ ಆ ಕ್ಷಣವೇ ಸಿಗಬೇಕಾದಲ್ಲಿ ಆರ್‌ಟಿಐ ಹಾಕಿ 30 ದಿನ ಕಾಯುವುದು ನಿಮ್ಮ ಹಕ್ಕನ್ನು ನೀವೇ ಸಣ್ಣದು ಮಾಡಿಕೊಂಡಂತೆ. ಅರ್ಜಿ ವಿಚಾರಣೆಯ ಕಡತ, ಠಾಣಾ ದಿನಚರಿ, ಪತ್ರವ್ಯವಹಾರ, ಒಂದು ಠಾಣೆಯಲ್ಲಿ ಒಂದು ವರ್ಷ ದಾಖಲಾದ ಪ್ರಕರಣಗಳ ಲೆಕ್ಕ, ಇವಕ್ಕೆ ಆರ್‌ಟಿಐ ಸರಿಯಾದ ಸಾಧನ.

ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸುಲಭ. ಪ್ರತಿ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕಾರ್ಡಿನವರಿಗೆ ಅರ್ಜಿ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಿ. ರಾಜ್ಯದ ಆರ್‌ಟಿಐ ಆನ್‌ಲೈನ್ ಜಾಲತಾಣದಲ್ಲೂ ಹಾಕಬಹುದು. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದ ಎಂಬುದು ನಮ್ಮ ರಾಜ್ಯದ ನಿಯಮ. ಇದನ್ನು ಮರೆತು ಅತ್ತೆ-ಸೊಸೆ ಜಗಳದಿಂದ ಗಡಿಕಲ್ಲಿನವರೆಗೆ ಎಲ್ಲ ತುಂಬಿ ಬರೆದ ಅರ್ಜಿ ತಿರುಗಿ ಬರುತ್ತದೆ. ಯಾಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ, ಯಾರಾದರೂ ಕೇಳಿದರೆ 6(2)ನೇ ಕಲಮು ಎನ್ನಿ.

"ಯಾಕೆ ಕ್ರಮ ಕೈಗೊಂಡಿಲ್ಲ?" ಎಂದು ಬರೆಯಬೇಡಿ. ಕಡತದಲ್ಲಿ ಇರುವುದನ್ನು ಕೊಡುವುದಷ್ಟೇ ಮಾಹಿತಿ ಅಧಿಕಾರಿಯ ಕೆಲಸ, ಕಾರಣ ಹುಡುಕಿ ಹೇಳುವುದಲ್ಲ. ಹೀಗೆ ಬರೆಯಿರಿ:

"ನಾನು ಇಂಥ ದಿನಾಂಕದಂದು ನಿಮ್ಮ ಠಾಣೆಗೆ ಸಲ್ಲಿಸಿದ, ಆವಕ ಸಂಖ್ಯೆ ಇಷ್ಟು ಇರುವ ದೂರು ಅರ್ಜಿಗೆ ಸಂಬಂಧಿಸಿ: ಒಂದು, ಅರ್ಜಿ ಸ್ವೀಕರಿಸಿದ ದಿನದ ಠಾಣಾ ದಿನಚರಿಯ ಸಂಬಂಧಪಟ್ಟ ನಮೂದಿನ ದೃಢೀಕೃತ ಪ್ರತಿ. ಎರಡು, ಅರ್ಜಿಯ ವಿಚಾರಣೆಯಲ್ಲಿ ಪಡೆದ ಹೇಳಿಕೆಗಳು ಮತ್ತು ವಿಚಾರಣಾ ವರದಿಯ ಪ್ರತಿ. ಮೂರು, ಅರ್ಜಿಯ ಮೇಲೆ ಮೇಲಧಿಕಾರಿಗಳೊಂದಿಗೆ ನಡೆದ ಪತ್ರವ್ಯವಹಾರದ ಪ್ರತಿ. ನಾಲ್ಕು, ಅರ್ಜಿಯನ್ನು ಮುಕ್ತಾಯಗೊಳಿಸಿದ್ದರೆ ಆ ಆದೇಶದ ಪ್ರತಿ."

ಇಷ್ಟೇ. ಸಿಟ್ಟು, ಕಣ್ಣೀರು ಬೇರೆ ಕಾಗದದಲ್ಲಿರಲಿ. ತಪ್ಪು ಕಚೇರಿಗೆ ಕಳಿಸಿದರೂ ಅವರೇ 5 ದಿನದೊಳಗೆ ಸರಿಯಾದಲ್ಲಿಗೆ ವರ್ಗಾಯಿಸಬೇಕು. ಉತ್ತರಕ್ಕೆ 30 ದಿನ. ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ, ಉದಾಹರಣೆಗೆ ಮಗನನ್ನು ಕರೆದೊಯ್ದು ಎಲ್ಲಿಟ್ಟಿದ್ದಾರೆಂದು ಗೊತ್ತಿಲ್ಲದಿದ್ದರೆ, 48 ಗಂಟೆ. ಗಡುವು ಮೀರಿದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು.

"ತನಿಖೆಯಲ್ಲಿದೆ, ಕೊಡಲಾಗದು" ಎಂದು ಉತ್ತರ ಬಂದಿದೆ.

ಅರ್ಧ ಸಾಲಿನ ಆ ಉತ್ತರ ಸಾಲದು. 8(1)(ಎಚ್) ಕಲಮು ತಡೆಯುವುದು ತನಿಖೆಗೆ, ಬಂಧನಕ್ಕೆ, ವಿಚಾರಣೆಗೆ ಅಡ್ಡಿಯಾಗುವ ಮಾಹಿತಿಯನ್ನು ಮಾತ್ರ. ತನಿಖೆ ನಡೆಯುತ್ತಿದೆ ಎಂಬುದೇ ಕಾರಣವಾಗದು, ಕೊಟ್ಟರೆ ಹೇಗೆ ಅಡ್ಡಿಯಾಗುತ್ತದೆ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟು 2007ರ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಮೇಲ್ಮನವಿಯಲ್ಲಿ ಈ ತೀರ್ಪನ್ನು ಹೆಸರಿಸಿ.

ಆದರೆ ಒಂದು ಮಾತನ್ನು ಮನಸ್ಸಿಟ್ಟು ಹೇಳುತ್ತೇನೆ. ಸಾಕ್ಷಿಯ ವಿಳಾಸ, ಸುಳಿವು ಕೊಟ್ಟವನ ಹೆಸರು ಇವನ್ನು ತಡೆಹಿಡಿಯುವುದು ಸರಿಯೇ. ಅಂಥ ಹೆಸರು ಹೊರಬಿದ್ದು ಜೀವಕ್ಕೆ ಅಪಾಯವಾದರೆ ಆ ಪಾಪ ಯಾರಿಗೆ? ಅಂಥ ಭಾಗವನ್ನು ಮುಚ್ಚಿ ಉಳಿದದ್ದನ್ನು ಕೊಡಿ ಎಂದು 10ನೇ ಕಲಮಿನಡಿ ಕೇಳಿ, ಹೆಚ್ಚಿನ ಸಲ ಬೇಕಾದದ್ದು ಉಳಿದ ಭಾಗದಲ್ಲೇ ಇರುತ್ತದೆ. ಬೇರೆಯವರ ವೈಯಕ್ತಿಕ ಮಾಹಿತಿಯನ್ನು ಕುರಿತ 8(1)(ಜೆ) ಕಲಮನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಿಗಿ ಮಾಡಿದೆ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಎನ್ನುವ 8(2) ಮಾತ್ರ ಹಾಗೆಯೇ ಇದೆ, ಅದನ್ನು ಹಿಡಿದು ವಾದಿಸಿ.

ಉತ್ತರವೇ ಬರಲಿಲ್ಲ.

31ನೇ ದಿನದಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಯಾರಿಗೆ ಎಂಬುದು ನಿರಾಕರಣೆಯ ಪತ್ರದಲ್ಲೇ ಇರಬೇಕು, ಪತ್ರವೇ ಇಲ್ಲದಿದ್ದರೆ "ಪ್ರಥಮ ಮೇಲ್ಮನವಿ ಪ್ರಾಧಿಕಾರ" ಎಂದು ಬರೆದು ಎಸ್ಪಿ ಕಚೇರಿಯ ವಿಳಾಸಕ್ಕೆ ಕಳಿಸಿ. ಅವರಿಗೆ 30 ದಿನ, ಹೆಚ್ಚೆಂದರೆ 45. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿಯವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಆಯೋಗದ ಸರದಿ ಬರುವುದು ನಿಧಾನ. ಆದರೆ ಮೊದಲ ಮೇಲ್ಮನವಿ ತಲುಪಿದ ವಾರದಲ್ಲೇ ಕಾಗದ ಮನೆಗೆ ಬಂದದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಹಾಗಾಗಿ ಆ ಮೆಟ್ಟಿಲನ್ನು ಬಿಡಬೇಡಿ.

ಠಾಣೆಯೊಳಗೆ ಹೊಡೆದರು. ಸಿಸಿಟಿವಿ ದೃಶ್ಯ ಸಿಗುತ್ತದೆಯೇ?

ಕೂಡಲೇ ಬರೆಯಿರಿ, ಅದೇ ದಿನ ಬರೆಯಿರಿ. 2020ರ ಡಿಸೆಂಬರ್ 2ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನಲ್ಲಿ ಎಲ್ಲ ಠಾಣೆಗಳಲ್ಲೂ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು ಕಾಯ್ದಿಡಬೇಕು ಎಂದು ಸುಪ್ರೀಂ ಕೋರ್ಟು ಹೇಳಿದೆ. ಕಾಗದದ ಮೇಲಿನ ಆದೇಶ ಹಾಗಿದ್ದರೂ ಹಳೆಯ ದೃಶ್ಯದ ಮೇಲೆ ಹೊಸದು ಬಂದು ಕೂರುವ ಅಪಾಯ ಇದ್ದೇ ಇದೆ. ಎಸ್ಪಿಯವರಿಗೆ ಮೊದಲು "ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯವನ್ನು ಅಳಿಸದೆ ಕಾಯ್ದಿಡಿ" ಎಂದು ಪತ್ರ ಹೋಗಲಿ, ಪ್ರತಿ ಕೇಳುವ ಅರ್ಜಿ ಆಮೇಲೆ. ಗಾಯವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಚೀಟಿ ಇಟ್ಟುಕೊಳ್ಳಿ.

ಸಮುದ್ರದಲ್ಲಿ, ಕಾಡಿನಲ್ಲಿ, ಚೆಕ್‌ಪೋಸ್ಟಿನಲ್ಲಿ ಆದದ್ದಕ್ಕೆ?

ಎಲ್ಲ ಖಾಕಿಯೂ ಒಂದೇ ಇಲಾಖೆಯಲ್ಲ. ದೋಣಿ ಮುಳುಗಿದ್ದು, ಮೀನುಗಾರರು ಕಾಣೆಯಾದದ್ದು ಕರಾವಳಿ ಕಾವಲು ಪೊಲೀಸರಲ್ಲಿ ದಾಖಲಾಗಿದ್ದರೆ ಅದು ಎಸ್ಪಿ ಕಚೇರಿಯ ಕೆಳಗೆ ಬರುವುದಿಲ್ಲ. ಆ ಪಡೆಯ ಕೇಂದ್ರ ಕಚೇರಿ ಮಲ್ಪೆಯಲ್ಲಿ. ಕೋಸ್ಟ್ ಗಾರ್ಡ್, ನೌಕಾಪಡೆ ಕೇಂದ್ರದವು, ಆರ್‌ಟಿಐ ಕೇಂದ್ರದ ಜಾಲತಾಣದಲ್ಲಿ. ಮಾಜಾಳಿಯಲ್ಲಿ ಹಿಡಿದ ಗೋವಾ ಮದ್ಯದ ಪ್ರಕರಣ ಹೆಚ್ಚಾಗಿ ಅಬಕಾರಿ ಇಲಾಖೆಯದು. ಮರ, ಕಾಡುಪ್ರಾಣಿ, ಅತಿಕ್ರಮಣದ ಕೇಸು ಅರಣ್ಯ ಇಲಾಖೆಯದು, ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ರೈಲಿನೊಳಗಿನ ಕಳವು ರೈಲ್ವೆ ಪೊಲೀಸರದು. ಕಾಗದದ ತಲೆಬರಹದಲ್ಲಿ ಯಾವ ಇಲಾಖೆ ಎಂದು ಓದಿ ಆಮೇಲೆ ಬಸ್ಸು ಹತ್ತಿ.

ಕೆಲಸಕ್ಕೆ, ವಿದೇಶಕ್ಕೆ ಪೊಲೀಸ್ ಪ್ರಮಾಣಪತ್ರ?

ಇಲ್ಲಿನ ಕೆಲಸಕ್ಕಾದರೆ ಸೇವಾ ಸಿಂಧುವಿನಲ್ಲಿ ಅರ್ಜಿ. ಭಟ್ಕಳ, ಮುರ್ಡೇಶ್ವರ ಕಡೆಯಿಂದ ಗಲ್ಫಿಗೆ ಹೊರಟವರು ಪಾಸ್‌ಪೋರ್ಟ್ ಸೇವಾ ಮೂಲಕ ಪಡೆಯಬೇಕು, ಈಗಾಗಲೇ ಅಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲೇ ಕೇಳಬಹುದು. ಹಳೆಯ ಕೇಸಿನಲ್ಲಿ ಖುಲಾಸೆಯಾಗಿದ್ದರೆ ತೀರ್ಪಿನ ದೃಢೀಕೃತ ಪ್ರತಿ ಜೊತೆಗಿರಲಿ. ಮೊಬೈಲು, ಆರ್‌ಸಿ, ಅಂಕಪಟ್ಟಿ ಕಳೆದುಹೋದರೆ ರಾಜ್ಯ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಸ್ವೀಕೃತಿ ಸಿಗುತ್ತದೆ.

ಮಗಳಿಗೆ ನೋಡಿದ ಹುಡುಗನ ಮೇಲೆ ಕೇಸ್ ಇದೆಯೇ ಎಂದು ಆರ್‌ಟಿಐನಲ್ಲಿ ಕೇಳಬಹುದೇ?

ಕೊಡುವುದಿಲ್ಲ, ಅದು ಆತನ ವೈಯಕ್ತಿಕ ಮಾಹಿತಿ. ಇ-ಕೋರ್ಟ್ಸ್‌ನಲ್ಲಿ ಹೆಸರು ಹಾಕಿ ನೋಡಬಹುದು. ನಾಯ್ಕ, ಹೆಗಡೆ, ಗೌಡ, ಭಟ್ಟ ಎಂದು ಹುಡುಕಿದರೆ ಒಂದೇ ಹೆಸರಿನ ಹತ್ತು ಜನ ಸಿಗುತ್ತಾರೆ. ತಂದೆಯ ಹೆಸರು, ಊರು ತಾಳೆ ನೋಡದೆ ಯಾರ ತಲೆಗೂ ಕೇಸು ಕಟ್ಟಬೇಡಿ.

ಕನ್ನಡ ಬರೆಯಲು ಬರುವುದಿಲ್ಲ, ಮನೆಯಲ್ಲಿ ಕೊಂಕಣಿ.

ಬಾಯಿಮಾತಿನಲ್ಲಿ ಹೇಳಿ. ಬರೆಯಲಾಗದವರ ಮಾಹಿತಿ ಕೋರಿಕೆಯನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕೆಂದು ಕಾಯ್ದೆಯ 6(1)ನೇ ಕಲಮಿನಲ್ಲಿದೆ. ಠಾಣೆಯಲ್ಲಿ ಬಾಯಿಮಾತಿನ ದೂರನ್ನೂ ಬರೆದುಕೊಂಡು ಓದಿ ಹೇಳಬೇಕು. ಪ್ರತಿ ಕೊಡಲು ಯಾರಾದರೂ ದುಡ್ಡು ಕೇಳಿದರೆ ರಸೀದಿ ಕೇಳಿ, ರಸೀದಿ ಇಲ್ಲದ ದುಡ್ಡಿನ ದೂರಿಗೆ ಕಾರವಾರದಲ್ಲಿ ಲೋಕಾಯುಕ್ತ ಪೊಲೀಸ್ ಕಚೇರಿ ಇದೆ.

ಅಜ್ಜ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿದ್ದರು. ಆ ದಾಖಲೆ ಸಿಗಬಹುದೇ?

ಈ ಪ್ರಶ್ನೆ ಬಂದ ದಿನ ನನಗೆ ಬೇರೆ ಕೆಲಸ ಕಾಣುವುದಿಲ್ಲ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಆಮೇಲೆ ಶಿರಸಿ, ಸಿದ್ದಾಪುರ, ಅಂಕೋಲೆಯ ಕರನಿರಾಕರಣೆ, ಇವುಗಳಲ್ಲಿ ಹೊಲ ಮನೆ ಕಳೆದುಕೊಂಡವರ ಮೊಮ್ಮಕ್ಕಳು ಇನ್ನೂ ಊರೂರಿನಲ್ಲಿದ್ದಾರೆ.

ಠಾಣೆಯಲ್ಲಿ ಅಷ್ಟು ಹಳೆಯ ಕಾಗದವನ್ನು ಹುಡುಕುವುದು ವ್ಯರ್ಥ. ಆಗ ನಮ್ಮದು ಮುಂಬಯಿ ಪ್ರಾಂತದ ಜಿಲ್ಲೆ, ಗೃಹ ಇಲಾಖೆಯ ಕಡತಗಳನ್ನು ಮುಂಬಯಿಯಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ಹುಡುಕಬೇಕು. ಶಿಕ್ಷೆ ಅನುಭವಿಸಿದ ಜೈಲು ಬೆಳಗಾವಿಯ ಹಿಂಡಲಗಾ ಆಗಿದ್ದರೆ ಅಲ್ಲಿಗೊಂದು ಅರ್ಜಿ, ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಕ್ಕೊಂದು. 20 ವರ್ಷಕ್ಕೂ ಹಳೆಯ ಘಟನೆಯಾದರೆ ಆರ್‌ಟಿಐನ 8(3)ನೇ ಕಲಮಿನ ಪ್ರಕಾರ ತನಿಖೆ, ವೈಯಕ್ತಿಕ ಮಾಹಿತಿ ಎಂಬ ನೆಪಗಳು ನಿಲ್ಲುವುದಿಲ್ಲ. ದಾಖಲೆ ನಾಶಪಡಿಸಿದ್ದೇವೆ ಎಂದರೆ ನಾಶಪಡಿಸಿದ ಆದೇಶದ, ರಿಜಿಸ್ಟರಿನ ಪ್ರತಿ ಕೇಳಿ.

ಹೆಸರನ್ನು ಅಂದಿನ ರೀತಿಯಲ್ಲೇ ಬರೆಯಿರಿ: ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಗ್ರಾಮ, ಪೇಟಾ (ಆಗಿನ ಉಪತಾಲೂಕು). ಆಗಿನ ಗುಮಾಸ್ತರು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರೆದ ಪಟ್ಟಿಯಲ್ಲಿ ನಮ್ಮ ಊರುಗಳ ಹೆಸರು ಗುರುತು ಸಿಗದಷ್ಟು ಬದಲಾಗಿರುತ್ತದೆ, ಎರಡು ಮೂರು ಕಾಗುಣಿತಗಳನ್ನು ಕೊಟ್ಟರೆ ಹುಡುಕುವವರಿಗೆ ಸುಲಭ. ಮನೆಯ ಅಟ್ಟದ ಮೇಲೆ ಜಪ್ತಿಯ ನೋಟಿಸೋ ಹಳೆಯ ಉತಾರವೋ (ಪಹಣಿಯೋ) ಇದ್ದರೆ ಅದರ ಫೋಟೋ ಅರ್ಜಿಯ ಜೊತೆಗಿರಲಿ, ಮೂಲವನ್ನು ಮಾತ್ರ ಯಾರ ಕೈಗೂ ಕೊಡಬೇಡಿ.